ತೊಟ್ಟಿನ ಕಡೆಯ ಒಂದು ಬಿಲ್ಲೆ

ಮದುವೆಯಾಗಿ ತುಮಕೂರಿಗೆ ಬಂದ ಮೂರನೆಯ ಬೆಳಿಗ್ಗೆ, ನನ್ನ ಅತ್ತೆ ಹೀರೆಕಾಯಿಯ ತೊಟ್ಟಿನ ಕಡೆಯಿಂದ ಒಂದು ಬಿಲ್ಲೆ ಕೊಯ್ದು, ಹಸಿಯಾಗಿಯೇ ಬಾಯಿಗೆ ಹಾಕಿಕೊಂಡು, ಎರಡು ಸಲ ಜಗಿದು, ಸಿಂಕಿಗೆ ಥೂ ಎಂದು ಉಗಿದರು. ಆಮೇಲೆ ಇನ್ನೊಂದು ಬಿಲ್ಲೆ ಕೊಯ್ದು ನನ್ನ ಮುಂದೆ ಹಿಡಿದರು.

"ತಗೋ, ನೀನೂ ನೋಡು. ಕಹಿ ಐತಾ?"

ನನಗೆ ಬಾಯಿ ತೆರೆಯಲಾಗಲಿಲ್ಲ. ಮಂಗಳೂರಿನ ನಮ್ಮ ಮನೆಯಲ್ಲಿ ದೇವರಿಗೆ ಇಡುವ ಮೊದಲು ಸಾರಿನ ಉಪ್ಪನ್ನೂ ಯಾರೂ ನಾಲಿಗೆಗೆ ತಾಗಿಸುವುದಿಲ್ಲ. ಇನ್ನು ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳಂತೂ ಕೆಮ್ಮುವಾಗಲೂ ಕರ್ಚೀಫಿನ ಮರೆ ಬೇಕು ಎಂದವರು. ಬಾಯಿಗೆ ಹಾಕಿದ್ದನ್ನು ಎಲ್ಲರೆದುರು ಉಗಿಯುವುದೆಂದರೆ!

"ಪೂಜೆ ಆಗಿಲ್ಲವಲ್ಲ ಅತ್ತೆ. ಎಂಜಲಾಗ್ತದೆ," ಎಂದೆ ಮೆಲ್ಲಗೆ.

ಅತ್ತೆ ನಕ್ಕರು. "ದೇವ್ರಿಗೆ ಕಹಿ ಹೀರೇಕಾಯಿ ಇಕ್ಕಿದ್ರೆ ಅವ್ನು ಸುಮ್ಕಿರ್ತಾನಾ? ಆಯ್ತು ಬುಡು, ನಿಮ್ಮೂರ ಮಡಿ ನಿಂಗೆ. ರುಚಿ ನೋಡೋ ಕೆಲ್ಸ ನಂದೇ."

ಅಂದಿನಿಂದ ಹೀರೆ, ಸೋರೆ, ಸೌತೆ ಯಾವುದೇ ಬರಲಿ, ಮೊದಲ ಬಿಲ್ಲೆ ಅತ್ತೆಯದು, ಮಿಕ್ಕ ಅಡುಗೆ ನನ್ನದು. ಇದು ತೊಂಬತ್ತರ ದಶಕದ ಕೊನೆಯ ಮಾತು. ನಮ್ಮದು ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆ. ಹೈವೇಯಲ್ಲಿ ಲಾರಿ ಹೋದಾಗಲೆಲ್ಲ ಶೆಲ್ಫಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಪತಿ ಸ್ಕೂಟರ್ ಹತ್ತಿ ಅಂತರಸನಹಳ್ಳಿಯ ಫ್ಯಾಕ್ಟರಿಗೆ ಹೋದ ಮೇಲೆ ಸಂಜೆಯವರೆಗೂ ಆ ಸದ್ದೇ ನನಗೆ ಜೊತೆ. ಮಂಗಳೂರಿನಲ್ಲಿ ನಾವು ಮುಳ್ಳುಸೌತೆ ಎನ್ನುವುದನ್ನು ಇಲ್ಲಿ ಬರೀ ಸೌತೆಕಾಯಿ ಎನ್ನುತ್ತಾರೆ; ನಾವು ಸೌತೆ ಎಂದು ಸಾಂಬಾರಿಗೆ ಹಾಕುವುದು ಇಲ್ಲಿಯವರಿಗೆ 'ಮಂಗ್ಳೂರು ಸೌತೆ'. ಅಂಗಡಿಯಲ್ಲಿ ಆ ಹೆಸರು ಕೇಳಿದಾಗಲೆಲ್ಲ, ನನ್ನನ್ನೇ ಯಾರೋ ಕರೆದಂತೆ ತಿರುಗಿ ನೋಡುತ್ತಿದ್ದೆ.

ಮುದ್ದೆ ನುಂಗಲು ಕಲಿಸಿದವರು ಮಾವ. ಗುಬ್ಬಿ, ಕುಣಿಗಲ್ ರೂಟಿನ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. "ಅಗೀಬೇಡ ಮಗಾ, ಸಾರಲ್ಲಿ ಅದ್ದಿ ಜಾರ್ಸು," ಎನ್ನುತ್ತಿದ್ದರು. ಮೊದಲ ತುತ್ತು ನೆಟ್ಟಗೆ ಗಂಟಲಿಳಿದ ದಿನ ಎರಡು ಬೆರಳು ತುಟಿಗಿಟ್ಟು ವಿಷಲ್ ಊದಿ, "ಹೋಗ್ಲಿ, ರೈಟ್!" ಎಂದರು. ಇಷ್ಟು ವರ್ಷಗಳಲ್ಲಿ ಈ ಊರು ನನಗೆ ಕೊಟ್ಟ ದೊಡ್ಡ ಬಹುಮಾನ ಅದೇ.

ಕೆಲವು ವರ್ಷಗಳಾದ ಮೇಲೆ ಮಾವನಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಮೊದಲು ಹಾಗಲಕಾಯಿ ರಸ ಕುಡಿದರು. ಆಮೇಲೆ ವಾಕಿಂಗ್ ಗೆಳೆಯರ ಮಾತು ಕೇಳಿ ಹಸಿ ಸೋರೆಕಾಯಿ ಜ್ಯೂಸ್ ಶುರುವಾಯಿತು. ಬೆಳಿಗ್ಗೆ ಅತ್ತೆ ಬಿಲ್ಲೆ ಕಚ್ಚಿ ನೋಡುವರು, ನಾನು ಮಿಕ್ಸಿಗೆ ಹಾಕಿ ಸೋಸಿ ಕೊಡುವೆ.

ಒಮ್ಮೆ ಅತ್ತೆ ತಂಗಿಯ ಮನೆಗೆಂದು ಗುಬ್ಬಿಗೆ ಹೋದವರು, ಅಲ್ಲಿಂದ ಬರುವವರ ಕೈಯಲ್ಲಿ ಎರಡು ಸೋರೆಕಾಯಿ ಕಳಿಸಿದರು. ಹಿತ್ತಲ ತಿಪ್ಪೆಯ ಪಕ್ಕ ತಾನಾಗಿ ಹುಟ್ಟಿದ ಬಳ್ಳಿಯದಂತೆ. ಮೈಮೇಲೆ ಇನ್ನೂ ಬಿಳಿ ನವಿರು ಇತ್ತು. ಉಗುರು ಊರಿದರೆ ಹಾಲಿನಂಥ ಹನಿ ಬಂತು. ಎಷ್ಟು ಎಳೆಯದು ಎಂದುಕೊಂಡೆ. ಅತ್ತೆ ಕಳಿಸಿದ್ದು, ಅವರು ನೋಡಿಯೇ ಕಳಿಸಿರುತ್ತಾರೆ ಎಂದೂ ಅಂದುಕೊಂಡೆ. ಕೊಯ್ಯದ ಕಾಯಿಯ ರುಚಿಯನ್ನು ಯಾರು ನೋಡಲು ಸಾಧ್ಯ? ಅದು ನನಗೆ ಹೊಳೆಯಲಿಲ್ಲ.

ಮೊದಲ ಗುಟುಕಿಗೇ ಮಾವ ಮುಖ ಕಿವುಚಿದರು. "ಏನ್ ಮಗಾ ಇದು, ಹಾಗಲಕಾಯ್ನೂ ಮೀರಿಸ್ತದಲ್ಲಾ!"

"ಬೇಡದಿದ್ದರೆ ಬಿಡಿ ಮಾವ."

"ಬುಡೋದ್ಯಾಕೆ? ಔಸ್ದಿ ಅಂದ್ಮೇಲೆ ಕಹಿ ಇರ್ಲೇಬೇಕು. ಇವತ್ತು ಕೆಲ್ಸ ಮಾಡ್ತದೆ ನೋಡು."

ಲೋಟ ಖಾಲಿ ಮಾಡಿದರು. ನಾನು ಲೋಟ ತೊಳೆದೆ, ಜಾರನ್ನೂ ತೊಳೆದೆ. ಜಾರಿನ ಅಂಚಿನಲ್ಲಿ ಹಸಿರು ನೊರೆ ಅಂಟಿಕೊಂಡಿತ್ತು. ಬೆರಳು ತಾಗಿಸಿ ನಾಲಿಗೆಗಿಟ್ಟಿದ್ದರೆ ಸಾಕಿತ್ತು. ದೇವರ ದೀಪ ಇನ್ನೂ ಹಚ್ಚಿರಲಿಲ್ಲ.

ಅರ್ಧ ಗಂಟೆಯೊಳಗೆ ವಾಂತಿ ಶುರುವಾಯಿತು. ಪತಿ ಆಗಲೇ ಫ್ಯಾಕ್ಟರಿಗೆ ಹೋಗಿದ್ದರು. ನಾಲ್ಕನೆಯ ಸಲ ಅದರಲ್ಲಿ ರಕ್ತ ಕಂಡಿತು. ಆಟೋದಲ್ಲಿ ಅವರ ತಲೆ ನನ್ನ ಭುಜದ ಮೇಲೆ ಭಾರವಾಗಿ ಬಿತ್ತು, ಕೈ ತಣ್ಣಗಾಗಿತ್ತು. ಬಟವಾಡಿಯ ಕ್ಲಿನಿಕ್ಕಿನವರು ಬಿಪಿ ನೋಡಿ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಸೋರೆಕಾಯಿ ಜ್ಯೂಸ್ ಕುಡಿದರು ಎಂದ ಕೂಡಲೇ ಅಲ್ಲಿನ ಡಾಕ್ಟರು ಎರಡೇ ಪ್ರಶ್ನೆ ಕೇಳಿದರು.

"ಜ್ಯೂಸ್ ಕಹಿ ಇತ್ತಾ?"

"ಇತ್ತಂತೆ."

"ಅಂತೆ ಅಂದ್ರೆ? ಮಾಡಿದೋರು ರುಚಿ ನೋಡ್ಲಿಲ್ವಾ?"

ಮಾಡಿದವಳು ನಾನೇ ಎಂದು ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ, ಬರೆಯುತ್ತಲೇ ಹೇಳಿದರು: "ಕಹಿ ಸೋರೆಕಾಯಿ ವಿಷ ಇದ್ದ ಹಾಗಮ್ಮ. ಇದಕ್ಕೇ ಅಂತ ಮದ್ದಿಲ್ಲ. ಡ್ರಿಪ್ ಹಾಕಿ ಕಾಯೋದು."

ಮೂರು ದಿನ ಕಾದೆವು. ಗುಬ್ಬಿಯಿಂದ ಓಡಿಬಂದ ಅತ್ತೆ ಕೂಗಾಡಲಿಲ್ಲ. ಬೆಂಚಿನ ಮೇಲೆ ಕೂತು, ಸೆರಗಿನ ತುದಿಯನ್ನು ಮಡಚಿ ಬಿಡಿಸಿ ಮಾಡುತ್ತ, "ಒಂದ್ ಬಿಲ್ಲೆ ಕಣವ್ವ. ಒಂದೇ ಒಂದ್ ಬಿಲ್ಲೆ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಕುಣಿಗಲ್ಲಿನ ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುವ ನಾದಿನಿ ಎರಡನೆಯ ದಿನ ಬಂದಳು. ನನ್ನನ್ನು ಕೊರೆಯುತ್ತಿದ್ದ ಒಂದೇ ಮಾತನ್ನು ಅವಳಲ್ಲಿ ಕೇಳಿದೆ: ನಾಲಿಗೆಗೆ ಗೊತ್ತಾಗಿತ್ತಲ್ಲ, ಮತ್ತೆ ಯಾಕೆ ಕುಡಿದರು?

"ನಾಲಿಗೆ ತನ್ನ ಕೆಲ್ಸ ಮಾಡ್ತು ಅತ್ತಿಗೆ," ಎಂದಳು. ನಾಲಿಗೆಯ ಜೀವಕೋಶಗಳ ಮೇಲೆ ರುಚಿಯನ್ನು ಗುರುತಿಸುವ ಗ್ರಾಹಕಗಳು, ಅಂದರೆ ರಿಸೆಪ್ಟರ್‌ಗಳು ಎಂಬವು ಇರುತ್ತವಂತೆ. ಕಹಿಗೆಂದೇ ಇಪ್ಪತ್ತೈದರಷ್ಟು ಬಗೆ. ಸೋರೆಕಾಯಿಯಲ್ಲಿರುವ ಕುಕುರ್ಬಿಟಾಸಿನ್ ಎಂಬ ರಾಸಾಯನಿಕ ಅವುಗಳಲ್ಲಿ ತನಗೆ ಒಗ್ಗುವ ಗ್ರಾಹಕದ ಸಂದಿಗೆ ಬಂದು ಕೂತರೆ ಗ್ರಾಹಕದ ಆಕಾರ ಒಂದಿಷ್ಟು ಬದಲಾಗುತ್ತದೆ. ಅದರಿಂದ ಕೋಶದ ಒಳಗೆ ಒಂದರ ಬೆನ್ನಿಗೊಂದು ಕೆಲಸ ನಡೆದು ನರಕ್ಕೆ ಸುದ್ದಿ ಹೋಗುತ್ತದೆ. ಬೇವಿನ ಕಹಿ, ಹಾಗಲದ ಕಹಿ, ಮಲೇರಿಯಾ ಮಾತ್ರೆಯ ಕಹಿ ಎಲ್ಲವೂ ಬೇರೆ ಬೇರೆ ರಾಸಾಯನಿಕಗಳೇ.

"ಆದ್ರೆ ಒಂದೊಂದು ಕೋಶದ ಮೇಲೂ ಹಲವು ಬಗೆ ಗ್ರಾಹಕ ಇರ್ತವೆ. ಯಾವುದು ಎಚ್ಚರ ಆದ್ರೂ ಹೋಗೋ ಸುದ್ದಿ ಒಂದೇ, ಕಹಿ ಅಂತ. ಅಪ್ಪನ ಬಸ್ಸಲ್ಲಿ ಇಳಿಯೋರು ಯಾರೇ ಆಗ್ಲಿ, ಡ್ರೈವರ್‌ಗೆ ಕೇಳ್ಸೋದು ಅದೇ ವಿಷಲ್ ತಾನೇ? ಔಷಧಿನೋ ವಿಷನೋ ನಾಲಿಗೆ ಹೇಳಲ್ಲ. ನಿಲ್ಸು ಅನ್ನುತ್ತೆ, ಅಷ್ಟೇ. ವರ್ಷಗಟ್ಟಲೆ ಹಾಗಲಕಾಯಿ ಕುಡಿದು ಅಪ್ಪ ಆ ವಿಷಲ್‌ಗೆ ನಿಲ್ಲೋದೇ ಬಿಟ್ಟಿದ್ರು."

ನಿಲ್ಲಿಸಬೇಕಾಗಿದ್ದ ಇನ್ನೊಂದು ನಾಲಿಗೆ ನನ್ನದು ಎಂದು ಅವಳು ಹೇಳಲಿಲ್ಲ. ಒಳ್ಳೆಯವಳು.

ಮಾವ ಉಳಿದರು. ಮನೆಗೆ ಬಂದ ಮೇಲೆ ನನಗೆ ಸಮಾಧಾನ ಹೇಳಲು ಬೆರಳೆರಡನ್ನು ತುಟಿಗಿಟ್ಟರು; ಉಸಿರು ಸಾಲದೆ ಬರೀ ಗಾಳಿ ಬಂತು. ಆ ಮನೆಯಲ್ಲಿ ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ನಾನೇ ಮರುದಿನದಿಂದ ಮಡಿ ಬಿಟ್ಟೆ. ತರಕಾರಿ ಹೆಚ್ಚುವ ಮೊದಲು ತೊಟ್ಟಿನ ಬಿಲ್ಲೆ ಕಚ್ಚುತ್ತೇನೆ, ಜಗಿಯುತ್ತೇನೆ, ಉಗಿಯುತ್ತೇನೆ.

ಮಂಗಳೂರಿಗೆ ಹೋದಾಗಲೂ ಕೈ ತಾನಾಗಿ ಅದನ್ನೇ ಮಾಡಿತು. ಅಮ್ಮ ಬೆಚ್ಚಿ ತಿರುಗಿದರು. "ಎಂತ ಮಾಡಿದ್ದು ನೀನು? ದೇವರಿಗೆ ಇಡ್ಲಿಕ್ಕುಂಟು!" ಕಾರಣ ಹೇಳಿದೆ. ಅಮ್ಮ ಎಲ್ಲ ಕೇಳಿ, ಕಣ್ಣೊರೆಸಿಕೊಂಡರು. ಆಮೇಲೆ ನಾನು ಕಚ್ಚಿದ ಸೋರೆಕಾಯಿಯನ್ನು ಬದಿಗೆ ಸರಿಸಿ, ಚೂರಿ ತೊಳೆದು, ಬೇರೊಂದನ್ನು ಕೊಯ್ಯತೊಡಗಿದರು.

ಬಟವಾಡಿಯ ಮನೆಯಲ್ಲಿ ನಾನು ಜಗಿದು ನೋಡಿ, "ಸಿಹಿ ಇದೆ ಅತ್ತೆ," ಎನ್ನುತ್ತೇನೆ. "ಹೂಂ ಕಣವ್ವ," ಎನ್ನುತ್ತಾರೆ ಅತ್ತೆ. ಆಮೇಲೆ ಅದೇ ಕಾಯಿಯಿಂದ ಇನ್ನೊಂದು ಬಿಲ್ಲೆ ಕೊಯ್ದುಕೊಂಡು, ನನಗೆ ಕಾಣದ ಹಾಗೆ ಗೋಡೆಯ ಕಡೆ ತಿರುಗಿ ಜಗಿಯುತ್ತಾರೆ. ನಾನು ಸಾಸಿವೆ ಡಬ್ಬಿ ಹುಡುಕುವವಳಂತೆ ಶೆಲ್ಫಿನತ್ತ ನೋಡುತ್ತ ನಿಲ್ಲುತ್ತೇನೆ. ಅವರು ಉಗಿದ ಸದ್ದು ಕೇಳಿದ ಮೇಲೆಯೇ ಒಲೆ ಹಚ್ಚುತ್ತೇನೆ.