ನೂರ ಇಪ್ಪತ್ತು ಸಾಲುಗಳಲ್ಲಿ ಬೇಕಾದವು

ತೊಂಬತ್ತರ ದಶಕದ ಆರಂಭ. ವಿಶಾಖಪಟ್ಟಣದ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಿತ್ತು. ವಿಜಯವಾಡದ ಮುಖ್ಯ ಕಚೇರಿಯಲ್ಲಿ ನಡೆಯುವ ಪರೀಕ್ಷೆ ಪಾಸಾದ ಟೈಪಿಸ್ಟರು ಇಲ್ಲೇ ಉಳಿಯಬಹುದು, ಆಗದವರಿಗೆ ಅಲ್ಲಿಗೆ ವರ್ಗ ಎಂದು ಆದೇಶವೂ ಬಂದಿತ್ತು. ನಮ್ಮ ಟೈಪಿಸ್ಟ್ ಬಳ್ಳಾರಿಯ ಮಗಳು, ತೆಲುಗು ಮನೆಯ ಸೊಸೆ. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಬಿಟ್ಟು ಆಕೆ ಎಲ್ಲಿಗೂ ವರ್ಗವಾಗಿ ಹೋಗುವಂತಿರಲಿಲ್ಲ. ಈಗಾಗಲೇ ಒಮ್ಮೆ ಫೇಲಾಗಿದ್ದರು; ಉಳಿದದ್ದು ಇನ್ನೊಂದೇ ಅವಕಾಶ.

ಫೇಲಾದ ಬಗೆ ವಿಚಿತ್ರ. ತರಬೇತಿಯ ಪುಸ್ತಕದಲ್ಲಿ ಒಂದು ಮಾದರಿ ಪ್ರೋಗ್ರಾಮ್ ಇತ್ತು: ಐದು ದಿನಕ್ಕಿಂತ ಹೆಚ್ಚು ರಜೆ ಪಡೆದ ನೌಕರರು ಎಷ್ಟು ಮಂದಿ ಎಂದು ಎಣಿಸುವುದು. ನೂರ ಇಪ್ಪತ್ತು ಸಾಲು. ಆಕೆಯ ಬೆರಳುಗಳು ಅಷ್ಟನ್ನೂ ಚುಕ್ಕೆ ತಪ್ಪದಂತೆ ಕಲಿತಿದ್ದವು. ಪರೀಕ್ಷೆಯಲ್ಲಿ ರಜೆಯ ಬದಲು ವಯಸ್ಸಿನ ಪ್ರಕಾರ ಎಣಿಸಲು ಕೇಳಿದ್ದರು. ಆಕೆ ರಜೆಯ ಪ್ರೋಗ್ರಾಮನ್ನೇ ಅಚ್ಚುಕಟ್ಟಾಗಿ ಟೈಪು ಮಾಡಿಟ್ಟು ಬಂದಿದ್ದರು.

ಮಾದರಿಯನ್ನು ಮುಟ್ಟಬಾರದೆಂಬುದು ಬೋಧಕರ ಕಟ್ಟಪ್ಪಣೆ. ಒಂದು ಸಾಲು ತೆಗೆದರೂ ಎಲ್ಲ ಕೆಡುತ್ತದೆಂದು ಅವರಿಗೂ ಯಾರೋ ಹೇಳಿದ್ದರಂತೆ. ನಾನು ಗುಮಾಸ್ತ, ಹೈಸ್ಕೂಲಿನಾಚೆಗಿನ ನನ್ನ ಓದೆಲ್ಲ ಹಳೆ ಪುಸ್ತಕದಂಗಡಿಯ ಕೃಪೆ. ಯಾರೋ ಹೇಳಿದ್ದನ್ನು ಪರೀಕ್ಷಿಸದೆ ನಂಬುವ ಸ್ವಭಾವ ನನ್ನದಲ್ಲ. ಊಟದ ವಿರಾಮದಲ್ಲಿ ಒಂದೊಂದೇ ಸಾಲು ಅಳಿಸಿ ಪ್ರೋಗ್ರಾಮನ್ನು ಓಡಿಸಿ ನೋಡಿದೆ. ನಲವತ್ತು ಸಾಲು ಪರದೆಯ ಸುತ್ತ ನಕ್ಷತ್ರಗಳ ಅಂಚು ಬಿಡಿಸುತ್ತಿದ್ದವು. ಇನ್ನಷ್ಟು ಸ್ವಾಗತ ಕೋರುತ್ತಿದ್ದವು. ಎಣಿಕೆ ನಿಂತಾಗ ಮಾತ್ರ ಅಳಿಸಿದ್ದನ್ನು ಮರಳಿ ಸೇರಿಸಿದೆ. ಎಂಟನೆಯ ದಿನಕ್ಕೆ ಹನ್ನೊಂದು ಸಾಲು ಉಳಿದಿದ್ದವು.

ಬರೆದುಕೊಟ್ಟ ಚೀಟಿಯನ್ನು ಆಕೆ ತಿರುಗಿಸಿ ನೋಡಿ, ಅತ್ತೆಮನೆಯ ತೆಲುಗು ಬೆರೆಸಿ ಕೇಳಿದರು.

“ಇಷ್ಟೇನಾ ಅಂಡಿ? ಹಿಂದ್ಗಡೆ ಏನೂ ಇಲ್ಲ?”

“ಇಷ್ಟೇ ಕಣಮ್ಮ.”

“ಹೋದ್ಸಲ ನಕ್ಷತ್ರ ಒಂದೂ ತಪ್ಪದಂಗೆ ಹೊಡೆದಿದ್ನಲ್ರೀ ಸಾರ್.”

“ಅಂಚು ನೋಡಿ ಸೀರೆ ಕೊಳ್ತಾರೆ. ಮಾರ್ಕು ಕೊಡಲ್ಲ.”

ಆಕೆ ನಕ್ಕು, ಒಂದು ಸಾಲಿನ ಮೇಲೆ ಬೆರಳಿಟ್ಟರು. “ಇದನ್ನ ತೆಗೆದ್ರೆ ಏನಾಗ್ತದೆ?”

“ನನ್ನ ಯಾಕೆ ಕೇಳ್ತೀರಿ? ತೆಗೆದು ನೋಡಿ.”

ಎರಡನೆಯ ಪರೀಕ್ಷೆ ಬರೆದು ವಿಜಯವಾಡದಿಂದ ಮರಳಿದ ಮರುದಿನ ಆಕೆ ನೇರವಾಗಿ ನನ್ನ ಮೇಜಿಗೆ ಬಂದರು. ಹತ್ತು ವರ್ಷಕ್ಕೂ ಹೆಚ್ಚು ಸೇವೆಯಾದವರನ್ನು ಎಣಿಸಲು ಕೇಳಿದ್ದರಂತೆ.

“ಬರೆದೆ ಸಾರ್. ಹತ್ತು ಸಾಲು.”

ಒಂದು ಸಾಲು ಮರೆತರೆಂದುಕೊಂಡೆ. “ಹನ್ನೊಂದಲ್ವೇನಮ್ಮ?”

“ಎಣಿಕೆ ಸೊನ್ನೆಯಿಂದ ಶುರು ಮಾಡು ಅಂತ ನೀವೊಂದು ಸಾಲು ಇಟ್ಟಿದ್ರಲ್ಲ, ಹೋಗೋಕೆ ಮುಂಚೆನೇ ತೆಗೆದು ನೋಡಿದ್ದೆ. ಅದು ತಾನಾಗೇ ಸೊನ್ನೆಯಿಂದ ಶುರು ಮಾಡ್ತದೆ.”

ನಾನು ಎದ್ದುಹೋಗಿ ಯಂತ್ರದ ಮುಂದೆ ಕುಳಿತು ಅಳಿಸಿ ನೋಡಿದೆ. ಎಣಿಕೆ ಸರಿಯಾಗಿಯೇ ಬಂತು. ಆ ಸಾಲು ಕಡ್ಡಾಯವೆಂದು ಪುಸ್ತಕ ಒತ್ತಿ ಹೇಳಿದ್ದರಿಂದ ಅದೊಂದನ್ನು ಮಾತ್ರ ನಾನು ಪರೀಕ್ಷಿಸಿರಲಿಲ್ಲ. ನಾಚಿಕೆಯಾಗಬೇಕಿತ್ತು, ಆದದ್ದು ನಿರಾಳ. ಬೆರಳುಗಳಷ್ಟೇ ಕಲಿತದ್ದಾಗಿದ್ದರೆ ಆಕೆಗೆ ಆ ಸಾಲನ್ನು ಕೈಬಿಡಲು ಸಾಧ್ಯವಿರಲಿಲ್ಲ.

ಪಾಸಾದವರ ಪಟ್ಟಿ ಹದಿನೈದು ದಿನ ತಡವಾಗಿ ಬಂತು. ಅದರಲ್ಲಿ ತಮ್ಮ ಹೆಸರನ್ನು ಎರಡು ಸಲ ಓದಿಕೊಂಡು, ಅತ್ತೆಗೆ ಔಷಧಿ ಕೊಡುವ ಹೊತ್ತಾಯಿತೆಂದು ಆಕೆ ಎಂದಿನಂತೆ ಐದಕ್ಕೆ ಮನೆಗೆ ಹೊರಟರು.