ಗೋಣೆಪ್ಪನ ಅಲ್ಲಾಡದ ನಕ್ಷತ್ರ

ಗೋಣೆಪ್ಪನಿಗೆ ನಕ್ಷತ್ರದ ಹುಚ್ಚು ಹತ್ತಿಸಿದವನು ನಾನೇ. ಆಗ ನಾನು ವಿದ್ಯಾನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಅವನು ನಮ್ಮ ಲ್ಯಾಬಿನ ಅಟೆಂಡರ್. ನಂದಿಗುಡಿಯ ಭತ್ತದ ಗದ್ದೆಯಿಂದ ಬಂದವನು, ಹತ್ತನೇ ತರಗತಿ ದಾಟಿರಲಿಲ್ಲ. ಆದರೆ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಎಂ.ಎಸ್ಸಿ. ಮಾಡಿದ ನಮಗೆ ಬೀಳುತ್ತಿರಲಿಲ್ಲ, ಬಿಡಿ.

ಕೆಲವು ನಕ್ಷತ್ರಗಳ ಬೆಳಕು ಹೆಚ್ಚುಕಡಿಮೆಯಾಗುತ್ತಿರುತ್ತದೆ. ಅದನ್ನು ಅಳೆಯಬೇಕಾದರೆ ಬೆಳಕು ಬದಲಾಗದ ಇನ್ನೊಂದು ನಕ್ಷತ್ರದ ಜೊತೆ ಹೋಲಿಸಿ ನೋಡಬೇಕು. ಸಂತೆಯ ತೂಕದ ಕಲ್ಲಿದ್ದ ಹಾಗೆ. ಅಂಥವು ಎರಡಾದರೂ ಇರಬೇಕು, ಒಂದಕ್ಕೆ ಇನ್ನೊಂದು ಕಾವಲು ಎಂಬುದು ನಿಯಮ. ದೇವರಾಜ ಅರಸು ಬಡಾವಣೆಯ ಅವನ ತಾರಸಿಯಲ್ಲಿ, ಬೀದಿದೀಪಗಳ ನಡುವೆ, ದುರ್ಬೀನಿಗೆ ಸರಿಯಾಗಿ ಸಿಕ್ಕಿದ್ದು ಅಂಥದೊಂದೇ. "ಸಾಕು ಬಿಡೋ, ಇದರ ಬೆಳಕು ಅಲ್ಲಾಡೋದಲ್ಲ" ಎಂದುಬಿಟ್ಟೆ. ಪುಸ್ತಕ ತೆರೆದು ನೋಡದ ಸೋಮಾರಿಗೆ ಅದೆಷ್ಟು ಗತ್ತು!

ಒಂಬತ್ತು ವರ್ಷ ಅವನು ಬೆಳಕು ಬದಲಾಗುವ ಮೂರು ನಕ್ಷತ್ರಗಳನ್ನು ಅದೊಂದರಿಂದಲೇ ಅಳೆದ. ಹರಿಹರದಲ್ಲಿ ಮಗಳ ಆರತಕ್ಷತೆಯ ಸಂಜೆಯೂ ಛತ್ರದ ಮಾಳಿಗೆ ಹತ್ತಿ ಬರೆದುಕೊಂಡು ಬಂದ. "ನಮ್ಮ ಮನೆಯವರಿಗೆ ಮ್ಯಾಲೆ ಮೂರು ಸಂಸಾರ ಅದಾವ್ರಿ" ಎಂದು ಅವನ ಹೆಂಡತಿ ದುರುಗವ್ವ ಎಲ್ಲರೆದುರು ಅಣಕಿಸುತ್ತಿದ್ದಳು.

ಹೋದ ತಿಂಗಳು ಎಂ.ಎಸ್ಸಿ. ಓದುವ ಪುಷ್ಪಲತಾ ಅವನು ಅಳತೆ ಬರೆದಿಟ್ಟ ನೋಟ್‌ಬುಕ್ಕುಗಳನ್ನು ತನ್ನ ಪ್ರಾಜೆಕ್ಟಿಗೆ ತೆಗೆದುಕೊಂಡಳು. ಅಳತೆ ಸರಿಯಿದ್ದರೆ ಒಂದು ಸಂಶೋಧನಾ ಕೇಂದ್ರ ಅದನ್ನು ಅವನ ಹೆಸರಿನಲ್ಲೇ ತನ್ನ ದಾಖಲೆಗೆ ಸೇರಿಸಿಕೊಳ್ಳಲು ಒಪ್ಪಿತ್ತು. ಭಾನುವಾರ ಬೆಳಿಗ್ಗೆ ಇಬ್ಬರೂ ನನ್ನ ಮನೆಗೆ ಬಂದರು. ಗೋಣೆಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ.

ಅವಳು ಗ್ರಾಫ್ ಹರಡಿದಳು. "ಸರ್, ಮೂರೂ ಒಟ್ಟಿಗೇ ಏರ್ತಾವೆ, ಒಟ್ಟಿಗೇ ಇಳೀತಾವೆ."

ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಕ್ಷತ್ರಗಳು ಹಾಗೆ ಮಾಡುವುದಿಲ್ಲ. ಬದಲಾಗುತ್ತಿದ್ದದ್ದು ನಾನು ತೋರಿಸಿದ ನಕ್ಷತ್ರ.

"ಬೇಲೀನೇ ಎದ್ದು ಹೊಲ ಮೇಯ್ದಂಗಾತು" ಎಂದ ಗೋಣೆಪ್ಪ, ಮೆಲ್ಲಗೆ.

"ಚಿಂತಿ ಬ್ಯಾಡ ಗೋಣೆಪ್ಪಣ್ಣ" ಎಂದಳು ಪುಷ್ಪಲತಾ. " ಆ ನಕ್ಷತ್ರ ಯಾವತ್ತು ಎಷ್ಟು ಬೆಳಗಿತ್ತು ಅಂತ ಬ್ಯಾರೆ ಕಡೆ ದಾಖಲೆ ಐತೆ. ಅದನ್ನ ಕೂಡಿ ಕಳೆದ್ರೆ ನಿಮ್ಮದೆಲ್ಲ ಸರಿಹೋಗ್ತೈತೆ. ಕಂಡದ್ದನ್ನ ಕಂಡಂಗೇ ಬರ್ದೀರಲ್ಲ?"

ನನಗೆ ಹೋದ ಜೀವ ಬಂತು. ಗೋಣೆಪ್ಪ ಮಾತ್ರ ಕರವಸ್ತ್ರ ಹಿಂಡುತ್ತ ಕೂತ.

"ಇಲ್ಲವ್ವ. ಕೆಲವು ದಿನ ಅದು ಮಂಕಾಗಿ ಕಾಣ್ತಿತ್ತು. ಸರ್ ಅಲ್ಲಾಡಲ್ಲ ಅಂದಾರ, ನನ್ನ ಕಣ್ಣೇ ಕೆಟ್ಟಾವು ಅಂತ ಆ ದಿನದ ಅಳತೀನ ಅಂದಾಜಿನ ಮ್ಯಾಲೆ ತಿದ್ದಿ ಬರ್ದೆ."

"ಯಾವ್ಯಾವ ದಿನ?"

"ಗುರುತು ಹಾಕಿಲ್ಲ. ಹಾಕಿದ್ರೆ ಸರ್ ಮಾತು ಸುಳ್ಳು ಅಂದಂಗ ಆಗ್ತಿತ್ತಲ್ಲ."

ಪುಷ್ಪಲತಾ ನೋಟ್‌ಬುಕ್ ಮುಚ್ಚಿದಳು. ತಿದ್ದಿದ್ದು ಯಾವುದು, ಕಂಡದ್ದು ಯಾವುದು ಎಂದು ಇನ್ನು ಬೇರ್ಪಡಿಸುವಂತಿರಲಿಲ್ಲ. ಒಂಬತ್ತು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅವನ ಕಣ್ಣು ನಿಜ ಕಂಡಿತ್ತು, ನನ್ನ ಮಾತು ಅದನ್ನು ಕುರುಡು ಮಾಡಿತ್ತು. ನನಗೆ ನಾಚಿಕೆಯಾಯಿತು. ತಪ್ಪಾಯಿತು ಎನ್ನಬೇಕೆಂದುಕೊಂಡೆ, ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆಗೆ ಆ ಮಾತು ಅಭ್ಯಾಸವಿಲ್ಲ.

ಗೋಣೆಪ್ಪ ಎದ್ದು ಚಪ್ಪಲಿ ಮೆಟ್ಟಿದ. ಬಾಗಿಲಲ್ಲಿ ನಿಂತು ತಿರುಗಿದ.

"ಇವತ್ತಿಂದ ಹೊಸ ಪುಸ್ತಕ ಹಚ್ತೀನಿ ಸರ್. ಯಾವ ನಕ್ಷತ್ರ ಹಿಡೀಲಿ, ನೀವೇ ಹೇಳ್ರಿ."

ಇಷ್ಟಾದ ಮೇಲೂ ಅವನು ಕೇಳಿದ್ದು ನನ್ನನ್ನೇ.