ಮಗನ ಕಡೆಯ ಸಾಕ್ಷಿ

ಗುಡ್ಡಮ್ಮನನ್ನು ಶಿಕಾರಿಪುರದ ಕೋರ್ಟಿಗೆ ಕರೆದುಕೊಂಡು ಹೋದವನು ಅವಳ ಮಗ ಉಜ್ಜಪ್ಪನೇ. ೧೯೫೮ರ ಮಾತು. ಸೊಸೆ ಬಂಗಾರಮ್ಮ ಗಂಡನ ಹೊಡೆತ ತಾಳಲಾರದೆ ಸೊರಬದ ಕಡೆಯ ತನ್ನ ತವರಿಗೆ ಹೋಗಿ, ಜೀವನಾಂಶ ಕೇಳಿ ಅರ್ಜಿ ಹಾಕಿಸಿದ್ದಳು.

ಉಜ್ಜಪ್ಪ ಅಂಬ್ಲಿಗೊಳದ ಕಡೆ ಒಳ್ಳೆಯವನೆನಿಸಿಕೊಂಡಿದ್ದ. ಊರಿನ ಪಂಚಾಯ್ತಿಗಳಲ್ಲಿ ನ್ಯಾಯ ಹೇಳುತ್ತಿದ್ದ. ಬೀದಿಯಲ್ಲಿ ಯಾರ ಮೇಲೂ ದನಿ ಏರಿಸಿದವನಲ್ಲ. ಬಾಗಿಲು ಹಾಕಿದ ಮೇಲೆ ಏನಾಗುತ್ತಿತ್ತೆಂಬುದು ಅತ್ತೆ ಸೊಸೆಗೆ ಮಾತ್ರ ಗೊತ್ತು. ಬಂಗಾರಮ್ಮನ ಬಲಗೈ ಮುರಿದಾಗ, ಹಿತ್ತಲಲ್ಲಿ ಜಾರಿ ಬಿದ್ದಳೆಂದು ನೆರೆಯವರಿಗೆ ಹೇಳಿದವಳು ಗುಡ್ಡಮ್ಮನೇ. ಕೋರ್ಟಿನಲ್ಲೂ ಅದನ್ನೇ ಹೇಳಬೇಕಿತ್ತು.

"ಅವ್ವಾ, ವಕೀಲ್ರು ಕೇಳಿದಷ್ಟೇ ಹೇಳು. ಜಾರಿ ಬಿದ್ಲು ಅಂದ್ರೆ ಮುಗೀತು," ಎಂದು ಬಸ್ಸಿನಲ್ಲಿ ಉಜ್ಜಪ್ಪ ಮತ್ತೆ ನೆನಪಿಸಿದ.

ಬಂಗಾರಮ್ಮ ಕೋರ್ಟಿನ ಜಗಲಿಯಲ್ಲಿ ಕೂತಿದ್ದಳು. ಮುರಿದ ಕೈ ಸರಿಯಾಗಿ ಕೂಡಿಕೊಂಡಿರಲಿಲ್ಲ. ಸೆರಗನ್ನು ಎಡಗೈಯಲ್ಲೇ ಎಳೆದುಕೊಂಡಳು. ಅತ್ತೆಯನ್ನು ಕಂಡು, ಮನೆಯಲ್ಲಿ ಏಳುತ್ತಿದ್ದ ಹಾಗೆಯೇ ಎದ್ದು ನಿಂತಳು.

ಒಳಗೆ ಗುಡ್ಡಮ್ಮನಿಂದ ಪ್ರಮಾಣ ಮಾಡಿಸಿದರು. ಮಗನ ವಕೀಲರು ಕೇಳಿದರು: "ಏನಮ್ಮಾ, ನಿನ್ನ ಸೊಸೆ ಕೈ ಹೇಗೆ ಮುರೀತು?"

"ನನ್ ಮಗ ಸೌದೆ ತಗೊಂಡು ಹೊಡ್ದ, ಸ್ವಾಮಿ."

ವಕೀಲರು ತಬ್ಬಿಬ್ಬಾದರು. "ಸರಿಯಾಗಿ ನೆನಪು ಮಾಡ್ಕೊ. ಜಾರಿ ಬಿದ್ಲು ಅಂತ ನೀನೇ ಊರಿಗೆಲ್ಲ ಹೇಳಿದ್ದೀಯಲ್ಲ?"

"ಹೇಳೀನಿ. ಇವ್ನಪ್ಪ ನನ್ನ ಹಲ್ಲು ಉದುರ್ಸಿದಾಗ್ಲೂ ಜಾರಿ ಬಿದ್ದೆ ಅಂತ್ಲೇ ಹೇಳಿದ್ದೆ. ನಮ್ ಮನ್ಯಾಗೆ ಹೆಂಗಸ್ರು ಜಾರಿ ಬೀಳೋದು ಇಲ್ಲಿಗೆ ಸಾಕು, ಸ್ವಾಮಿ."

"ಅವ್ವಾ!" ಎಂದು ಉಜ್ಜಪ್ಪ ಕೂಗಿದ. ಮ್ಯಾಜಿಸ್ಟ್ರೇಟರು ಅವನನ್ನು ಗದರಿಸಿ ಸುಮ್ಮನಾಗಿಸಿದರು. ಗುಡ್ಡಮ್ಮ ಅವನತ್ತ ತಿರುಗಿ, "ನೀ ನನ್ ಹೊಟ್ಟ್ಯಾಗೆ ಹುಟ್ಟಿದ ಮಗ, ಅದು ಹೋಗಲ್ಲ. ಆದ್ರೆ ನಿನ್ನ ಮುಚ್ಚಿಟ್ಟು ಮುಚ್ಚಿಟ್ಟು ನಾನೇ ಕೆಡ್ಸಿದೆ," ಎಂದಳು.

ಸಂಜೆ ಉಜ್ಜಪ್ಪ ತಾಯಿಯನ್ನು ಬಿಟ್ಟು ಒಬ್ಬನೇ ಬಸ್ಸು ಹತ್ತಿದ. ಬಂಗಾರಮ್ಮ ಹತ್ತಿರ ಬಂದು, "ನಮ್ಮನೆಗೆ ಬನ್ನಿ ಅತ್ತೆ," ಎಂದಳು.

"ಎರಡು ದಿನ ಬರ್ತೀನಿ ಕಣೆ. ಆಮೇಲೆ ದುಡ್ಕೊಂಡು ತಿನ್ನೋಣ, ಇಬ್ರೂ."

ಮಳೆಗಾಲ ಕಳೆಯುವ ಹೊತ್ತಿಗೆ ತೀರ್ಪು ಸೊಸೆಯ ಕಡೆಗಾಯಿತು. ಅಷ್ಟರಲ್ಲಿ ಇಬ್ಬರೂ ಶಿರಾಳಕೊಪ್ಪದಲ್ಲಿ ಒಂದು ಕೋಣೆ ಹಿಡಿದು, ಸಂತೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರತೊಡಗಿದ್ದರು. ಮಗನನ್ನೇ ಕೋರ್ಟಿನಲ್ಲಿ ಕೆಡವಿದವಳೆಂದು ಕೆಲವರು ಅವರ ಹತ್ತಿರ ಕೊಳ್ಳುತ್ತಿರಲಿಲ್ಲ. ಆ ಕಾರಣಕ್ಕೇ ಹುಡುಕಿಕೊಂಡು ಬರುವ ಹೆಂಗಸರೂ ಇದ್ದರು.

ಮರುವರ್ಷ ಒಂದು ಸಂತೆಯ ದಿನ ಉಜ್ಜಪ್ಪ ಬಂದು ನಿಂತ. ಇಳಿದುಹೋಗಿದ್ದ. ಗುಡ್ಡಮ್ಮ ಮಗನಿಗೆ ಎಲೆಯಲ್ಲಿ ಮಂಡಕ್ಕಿ ಹಾಕಿಕೊಟ್ಟಳು.

"ಅವಳ್ನ ಕಳಿಸ್ಕೊಡು ಅವ್ವಾ," ಎಂದ.

"ಕಳ್ಸಾಕೆ ಅವ್ಳೇನು ನನ್ ದನವೇನೋ? ಅವ್ಳನ್ನೇ ಕೇಳು."

ಬಂಗಾರಮ್ಮ ಬಾಣಲೆಯಿಂದ ತಲೆಯೆತ್ತಿ ಗಂಡನನ್ನು ನೇರವಾಗಿ ನೋಡಿದಳು.

"ನಾನು ಬರಲ್ಲ," ಎಂದಳು.